‘ಯಾರ ಪೈಕಿ’ ಎಂಬ ಡಿಫೆನ್ಸ್

ಗೋಲ್ ಹೊಡೆಯಲು ಬಂದ ಎದುರಾಳಿಗೆ ಪಕ್ಕಕ್ಕೆ ಸರಿದು, ‘ಬಾ ಅಕ್ಕ’ ಎಂದು ದಾರಿ ಬಿಟ್ಟ ಡಿಫೆಂಡರನ್ನು ನೀವು ನೋಡಿದ್ದೀರಾ? ಕಳೆದ ವಾರ ಮಸ್ಕಿಯಲ್ಲಿ ನಾನು ನೋಡಿದೆ. ಅವಳಿಗೆ ತರಬೇತಿ ಕೊಟ್ಟವಳೂ ನಾನೇ.

ನಾನು ದಢೇಸುಗೂರು ಕಡೆಯ ಶಾಲೆಯೊಂದರಲ್ಲಿ ಕನ್ನಡ ಟೀಚರ್. ನಮ್ಮಲ್ಲಿ ಪಿಟಿ ಸರ್ ಇಲ್ಲ. ಹೀಗಾಗಿ ಹುಡುಗಿಯರ ಹ್ಯಾಂಡ್‌ಬಾಲ್ ತಂಡ ನನ್ನ ಕೊರಳಿಗೆ ಬಿತ್ತು. (ನನ್ನ ಅರ್ಹತೆ? ಗಟ್ಟಿ ದನಿ.) ಜತೆಗೆ ಹೆಡ್‌ಮಾಸ್ತರರ ಎಚ್ಚರಿಕೆ: ‘ಮೇಡಂ, ಈ ಸಲನೂ ಫೈನಲ್ ಮುಟ್ಟಲಿಲ್ಲಂದ್ರ ಶನಿವಾರದ ಆಟದ ಪೀರಿಯಡ್ ಗಣಿತಕ್ಕ ಕೊಟ್ಟುಬಿಡ್ತೀನಿ.’ ಗಣಿತ ಕಲಿಸುವವರೂ ಅವರೇ. ಹುಡುಗಿಯರ ಮುಖ ಬಾಡಿತು.

ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತೆ, ಕಲಿಸಿದೆ. ಅಟ್ಯಾಕ್ ಎಂದರೆ ಬಲಕ್ಕೆ ನೋಡಿ ಎಡಕ್ಕೆ ಚೆಂಡು ಕೊಡುವುದು. ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದು ನಿಂತರೆ ಅದು ಎದುರಿನವರ ಪಾಲು. ಡಿಫೆನ್ಸ್ ಎಂದರೆ ನಿಮ್ಮ ಪಾಲಿನ ಎದುರಾಳಿಯ ಮುಂದೆ ಕೈ ಎತ್ತಿ ಗೋಡೆಯಂತೆ ನಿಲ್ಲುವುದು. ಏಳನೇ ಕ್ಲಾಸಿನ ಬಸಮ್ಮ ಹಾಗೆ ನಿಂತರೆ ನನಗೇ ದಾಟಲಾಗುತ್ತಿರಲಿಲ್ಲ.

ಪಂದ್ಯ ಗುರುಗುಂಟಾ ಕಡೆಯ ತಂಡದ ಮೇಲೆ. ಆಟಕ್ಕೆ ಮೊದಲು ಎರಡೂ ಕಡೆಯವರು ಬೇವಿನ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಅಲ್ಲೇ ಎಡವಟ್ಟಾಯಿತು. ನಮ್ಮ ಸೀಮೆಯಲ್ಲಿ ಇಬ್ಬರು ಒಂದೆಡೆ ಕೂತ ಮೇಲೆ ‘ನೀವು ಯಾರ ಪೈಕಿ’ ಎಂಬ ಪ್ರಶ್ನೆ ಬಾರದೆ ಇರುತ್ತದೆಯೇ? ಸಿಂಧನೂರು ಬಸ್ಸಿನಲ್ಲಿ ಸೀಟು ಸಿಗುವುದೂ ಈ ಪ್ರಶ್ನೆಯಿಂದಲೇ ಅಲ್ಲವೇ?

ಮೊದಲಾರ್ಧ ಮುಗಿದಾಗ ನಾವು ಐದು ಗೋಲು ಹಿಂದೆ. ಎಲ್ಲವನ್ನೂ ಹೊಡೆದವಳು ಬಸಮ್ಮ ತಡೆಯಬೇಕಿದ್ದ ಎತ್ತರದ ಹುಡುಗಿ.

‘ಏನ್ ಮಾಡಾಕತ್ತೀ ಬಸಮ್ಮ?’ ಎಂದೆ.

‘ಆಕಿ ನಮ್ಮ ದೊಡ್ಡವ್ವನ ಬೀಗ್ತಿ ಮಗಳಂತ್ರಿ. ನನಗಿಂತ ದೊಡ್ಡಾಕಿ, ಅಕ್ಕ ಅನ್ಬೇಕು. ಹೆಂಗ ಅಡ್ಡ ನಿಲ್ಲಲಿರಿ ಟೀಚರ್? ನಾಳೆ ಮದುವಿ ಮನ್ಯಾಗ ಮಾರಿ ಹೆಂಗ ತೋರ್ಸ್ಲಿ?’

ನನಗೆ ಪಿತ್ತ ನೆತ್ತಿಗೇರಿತು. ‘ಅಷ್ಟು ಬೀಗತನ ಇದ್ರ ಸುಮ್ನ ಯಾಕ ಕಳಿಸ್ತಿ? ನಿಲ್ಲಿಸಿ ಮನಿ ಮಂದೀನೆಲ್ಲ ವಿಚಾರಿಸು.’

ಅದು ಸಿಟ್ಟಿನ ಮಾತು. ಬಸಮ್ಮ ಕೋಚಿಂಗ್ ಎಂದುಕೊಂಡಳು.

ಎರಡನೇ ಅರ್ಧದಲ್ಲಿ ಎತ್ತರದ ಹುಡುಗಿ ಚೆಂಡು ಹಿಡಿದು ನುಗ್ಗಿ ಬಂದಳು. ಬಸಮ್ಮ ಕೈ ಎತ್ತಲೇ ಇಲ್ಲ. ‘ಅಕ್ಕ, ನಿಮ್ಮವ್ವನ ಮೊಣಕಾಲು ಈಗ ಹೆಂಗದಾವು?’ ಎಂದಳು. ಬೀಗರು ಆರೋಗ್ಯ ಕೇಳಿದಾಗ ಉತ್ತರ ಕೊಡದೆ ಓಡಿಹೋಗುವುದು ಮರ್ಯಾದೆಯೇ? ಆಕೆ ನಿಂತಳು. ‘ಅಡ್ಡಿಲ್ಲ ತಂಗಿ, ಈಗ ಎದ್ದು ಅಡ್ಡಾಡ್ತಾಳ...’

ಸೀಟಿ. ಚೆಂಡು ನಮಗೆ.

ಮುಂದಿನ ಸಲ ಆಕೆಯ ಅಣ್ಣನಿಗೆ ಹೆಣ್ಣು ನೋಡುವ ವಿಚಾರ. (ಅದೇನು ಮೂರು ಸೆಕೆಂಡಿನಲ್ಲಿ ಮುಗಿಯುವಂಥದ್ದೇ?) ಉಳಿದವರೂ ಬಸಮ್ಮನನ್ನು ನೋಡಿ ಕಲಿತರು. ಮೈದಾನದ ತುಂಬ ಯೋಗಕ್ಷೇಮ. ಒಂದು ಗೋಲಿನಿಂದ ಗೆದ್ದು ಫೈನಲ್ ಮುಟ್ಟಿದೆವು. ಶನಿವಾರ ಉಳಿಯಿತು. ಹುಡುಗಿಯರಿಗಿಂತ ನನಗೇ ಹೆಚ್ಚು ಖುಷಿಯಾಯಿತು.

ಆ ಕಡೆಯ ಪಿಟಿ ಸರ್ ರೆಫ್ರಿಯ ಬಳಿ ಹೋದರು. ‘ಇದೂ ಒಂದು ಡಿಫೆನ್ಸೇನ್ರಿ? ಹರಟಿ ಹೊಡ್ದು ಗೆದ್ದಾರ ಇವರು.’

ರೆಫ್ರಿ ಗಂಭೀರವಾಗಿ ಯೋಚಿಸಿದರು. ‘ಮಾತಾಡ್ಸಬಾರ್ದು ಅಂತ ರೂಲ್ ಇಲ್ರಿ ಸರ್’ ಎಂದು ಅವರನ್ನು ಕಳಿಸಿ, ನನ್ನ ಕಡೆ ತಿರುಗಿದರು. ‘ಅಂದಂಗ ಟೀಚರ್, ನೀವು ಯಾರ ಪೈಕಿ?’

ಫೈನಲ್‌ಗೂ ಅವರೇ ರೆಫ್ರಿ. ನೀವೇ ಹೇಳಿ, ಉತ್ತರ ಕೊಡದೆ ಓಡಿಹೋಗುವುದು ಮರ್ಯಾದೆಯೇ?