ಇಪ್ಪತ್ತು ನಿಮಿಷದ ಇಟಾಲಿಯನ್

ಇಸ್ತ್ರಿಯಕ್ಕ ಇಟಾಲಿಯನ್ ಕಲಿಯುತ್ತಿದ್ದಾಳೆ ಅಂದಾಗ ಬೀದಿಯ ಜನ ನಕ್ಕರು. ನಗಲಿ ಬಿಡಿ, ನಗೋದಕ್ಕೇನು! ಬೆಳಗ್ಗೆ ಏಳಕ್ಕೆ ಇಸ್ತ್ರಿಪೆಟ್ಟಿಗೆ ಹಿಡಿದರೆ ಸಂಜೆಯವರೆಗೂ ಕಂಡವರ ಕಾಲರು ತಿಕ್ಕುವವಳು, ಸ್ವಂತ ಭಾಷೆಯಲ್ಲೇ ದಿನಕ್ಕೆ ಹತ್ತು ಮಾತಾಡದವಳು, ಈಗ ಅಂಗಿಯ ತೋಳು ಮಡಚುತ್ತಾ "ದೊವೇ ಲಾ ಸ್ತತ್ಸಿಯೋನೆ" ಅಂತ ಗೊಣಗುತ್ತಿದ್ದಳು. ಸ್ಟೇಷನ್ ಎಲ್ಲಿದೆ ಅಂತ ಅದರರ್ಥ.

ವಿಷಯ ಇಷ್ಟು. ಅವಳ ಗಂಡ ಹಡಗಿನ ಎಂಜಿನ್ನಿಗೆ ಎಣ್ಣೆ ಹಾಕುವವನು. ಜೊತೆಗಾರನ ಪೆಟ್ಟಿಗೆಯೊಂದನ್ನು ತನ್ನ ಮಂಚದ ಕೆಳಗಿಟ್ಟುಕೊಳ್ಳಲು ಹೂಂ ಅಂದ. ಅದರಲ್ಲಿ ಇರಬಾರದ್ದು ಇತ್ತು. ಇಟಲಿಯ ಬಂದರೊಂದರಲ್ಲಿ ಸಿಕ್ಕಿಬಿದ್ದು ಐದು ವರ್ಷಕ್ಕೆ ಜೈಲು ಸೇರಿದ. ಎರಡು ವರ್ಷದ ಮೇಲೆ ಭೇಟಿಗೆ ಒಪ್ಪಿಗೆ ಬಂತು. ಇಪ್ಪತ್ತು ನಿಮಿಷ, ನಡುವೆ ಗಾಜು, ಕೈಯಲ್ಲಿ ಫೋನು. ಮಾತನ್ನೆಲ್ಲ ಕಾವಲಿನವನು ಕೇಳಿಸಿಕೊಳ್ಳುತ್ತಾನೆ, ಹಾಗಾಗಿ ಇಟಾಲಿಯನ್ನಿನಲ್ಲೇ ಆಡಬೇಕು. ಬೇರೆ ಭಾಷೆ ಬಾಯಿಗೆ ಬಂದರೆ ಫೋನು ಕಟ್.

ಕಲಿಸಲು ಸಿಕ್ಕಿದವನು ಕಪ್ತಾನ. ಇಟಲಿಯವರ ಹಡಗಿನಲ್ಲಿ ಹದಿನಾರು ವರ್ಷ ಪಾತ್ರೆ ತೊಳೆದು ಬಂದ ಮುದುಕನಿಗೆ ಬೀದಿಯವರು ಇಟ್ಟ ಹೆಸರು. ಪ್ರವಾಸಿಗಳ ಪುಟ್ಟ ಪುಸ್ತಕವೊಂದನ್ನು ಹಿಡಿದು ದಿನಾ ಮಧ್ಯಾಹ್ನ ಅಂಗಡಿಗೆ ಬರುತ್ತಿದ್ದ. ಅತ್ತೆ ಸ್ಟೂಲಿನ ಮೇಲೆ ಕೂತು, ಇಸ್ತ್ರಿಯಾದ ಅಂಗಿಗಳಿಗೆ ಗುಂಡಿ ಹಾಕುತ್ತಾ ಕೇಳುತ್ತಿದ್ದಳು.

"ಹೇಗಿದ್ದೀಯ ಅನ್ನೋದಕ್ಕೆ ಕೋಮೆ ಸ್ತಾಯ್," ಅಂದ ಕಪ್ತಾನ.

"ಗಂಡನ್ನ ಹೇಗಿದ್ದೀಯ ಅನ್ಲಾ? ಹೇಗಿದ್ದೀರ ಅನ್ನೋದು ಇಲ್ವಾ ಅಣ್ಣಾ?"

"ಇದೆ ಕಣಮ್ಮ, ಅದು ಪರಿಚಯ ಇಲ್ದೋರಿಗೆ. ಗಂಡನಿಗೆ ಹಾಗಂದ್ರೆ, ಇವಳು ಮುನಿಸ್ಕೊಂಡಿದಾಳೆ ಅಂದ್ಕೋತಾನೆ."

"ಅನ್ನೇ, ಅನ್ನು!" ಅತ್ತೆ ಬೊಚ್ಚುಬಾಯಿ ತೆರೆದು ನಕ್ಕಳು. "ಇಷ್ಟು ವರ್ಷ ರೀ ರೀ ಅಂದಿದ್ದು ಸಾಕು. ನನ್ನ ಪಾಲಿಂದೂ ಸೇರ್ಸಿ ಎರಡು ಬೈದು ಬಾ ಆ ಪೆದ್ದನ್ನ."

ಇಟಲಿಗೆ ಹೊರಡಲು ಹದಿನೆಂಟು ದಿನ ಇದ್ದಾಗ, ಅದೇ ಸ್ಟೂಲಿನ ಮೇಲೆ, ಮಡಿಲಲ್ಲಿ ಯಾರದೋ ಅಂಗಿ ಇಟ್ಟುಕೊಂಡೇ ಅತ್ತೆ ಗೋಡೆಗೆ ಒರಗಿದಳು. ಕೂಗಿದರೆ ಓಗೊಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮೈದುನ ಅಂದ, "ಅಣ್ಣಂಗೆ ಹೇಳ್ಬೇಡಿ ಅತ್ತಿಗೆ. ಅಲ್ಲಿ ಅವನ್ನ ಹಿಡ್ಕೊಳ್ಳೋರು ಯಾರಿದಾರೆ?"

"ಇನ್ನೂ ಮೂರು ವರ್ಷ, ಇಲ್ಲದ ತಾಯಿಗೆ ಅವರು ಕಾಗದ ಬರೀತಾ ಕೂತಿರ್ಬೇಕಾ? ಉತ್ತರ ಯಾರು ಬರೀತಾರೆ, ನೀನಾ?"



ಪುಸ್ತಕದಲ್ಲಿ ನೀರು ಕೇಳೋದಿತ್ತು, ರೂಮು ಕೇಳೋದಿತ್ತು, ಛತ್ರಿ ಕಳೆದುಹೋಯಿತು ಅನ್ನೋದೂ ಇತ್ತು. ಸಾವು ಇರಲಿಲ್ಲ. ಕಪ್ತಾನನನ್ನು ಕೇಳಿದಳು. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. "ಇದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ ತಂಗಿ," ಅಂದ. ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅವನೆದುರು ಬಂದು ನಿಂತಳು. ಕೊನೆಗೆ ಹೇಳಿಕೊಟ್ಟ: ಮಾಮ್ಮಾ ಎ ಮೊರ್ತಾ. ಅವ್ವ ಸತ್ತಳು ಅನ್ನೋದಕ್ಕೆ ಮೂರೇ ಮಾತು. ಅದನ್ನು ಬಾಯಿಪಾಠ ಮಾಡುತ್ತಾ ಆ ವಾರ ಒಂದು ಅಂಗಿಯ ಕಾಲರು ಸುಟ್ಟಳು. ಅಷ್ಟು ವರ್ಷದಲ್ಲಿ ಹಾಗಾಗಿದ್ದು ಅದೇ ಮೊದಲು.

ಇಟಲಿಯ ಜೈಲಿನಲ್ಲಿ, ಗಾಜಿನ ಆಚೆ ಗಂಡ ಬಂದು ಕೂತಾಗ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಅರ್ಧ ಆಳಾಗಿದ್ದ. ಅವನ ಹಿಂದೆ ಕಾವಲಿನವನು ಕಿವಿಗೆ ಇನ್ನೊಂದು ಫೋನು ಹಚ್ಚಿ ನಿಂತಿದ್ದ.

"ಕೋಮೆ ಸ್ತಾಯ್?" ಅಂದಳು. ಏಕವಚನ ಕೇಳಿ ಗಂಡ ನಕ್ಕುಬಿಟ್ಟ. ಅವನ ಹಲ್ಲು ಎರಡು ಹೋಗಿದ್ದವು. ಊಟ ಹೇಗೆ, ಚಳಿ ಹೇಗೆ ಅಂತ ನಾಲ್ಕು ಮಾತಾದವು. ಆಮೇಲೆ ಅವನೇ ಕೇಳಿದ, "ಮಾಮ್ಮಾ?"

ಹೇಳಿದಳು. ಕಪ್ತಾನ ಹೇಳಿಕೊಟ್ಟ ಹಾಗೇ, ಒಂದಕ್ಷರ ತಪ್ಪದೆ.

ಗಂಡ ಅವಳನ್ನೇ ನೋಡಿದ. ಆಮೇಲೆ "ಅಯ್ಯೋ ಅವ್ವಾ..." ಅಂದ. ಇನ್ನೂ ಏನೋ ಅನ್ನುತ್ತಿದ್ದ, ಅಷ್ಟರಲ್ಲಿ ಕಾವಲಿನವನು ಗುಂಡಿ ಒತ್ತಿದ. ಫೋನು ಸತ್ತಿತು. ಗೋಡೆಯ ಗಡಿಯಾರದಲ್ಲಿ ಆಗಿದ್ದು ಆರೇ ನಿಮಿಷ.

ಅವಳನ್ನು ಎಬ್ಬಿಸಲು ಯಾರೂ ಬರಲಿಲ್ಲ. ಉಳಿದ ಹೊತ್ತು ಕೂತು ಅವನ ಬಾಯಿ ಆಡುವುದನ್ನು ನೋಡಿದಳು. ಅವನ ಹಣೆ ಗಾಜಿಗೆ ತಗುಲಿತ್ತು.

ಹೊರಗೆ ಬಂದಾಗ ಮೈದುನನ ಕರೆ. "ಹೇಳಿದ್ರಾ ಅತ್ತಿಗೆ?"

"ಹೇಳಿದೆ."

"ಏನಂದ?"

"ಕೇಳಿಸ್ಲಿಲ್ಲ ಕಣಪ್ಪ," ಅಂದಳು.