ಮೊಟ್ಟೆಯಿಡದೆ ಹೋದ ಹಕ್ಕಿ

೧೯೮೯ರ ಚಳಿಗಾಲದಲ್ಲಿ ಊರ್ಮಿಳಾಗೆ ಐದನೇ ತಿಂಗಳಲ್ಲಿ ಗರ್ಭ ಹೋಯಿತು. ಗಂಡ ಚಕ್ರಪಾಣಿಯ ಜೊತೆ ಮೈಸೂರಿನಿಂದ ಮೆಲ್ಬರ್ನಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಅವನು ತಾನೇ ಸಾರು ಮಾಡಿ ಬಡಿಸುತ್ತಿದ್ದ. ಉಪ್ಪು ಹೆಚ್ಚಾಗಿದ್ದರೂ ಅವಳು ಸುಮ್ಮನೆ ಉಣ್ಣುತ್ತಿದ್ದಳು. ಅಳು ಕೂಡ ಬರುತ್ತಿರಲಿಲ್ಲ.

ಚಕ್ರಪಾಣಿ ಪಿಎಚ್‌ಡಿ ಮಾಡುತ್ತಿದ್ದ ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ಯೂನಿವರ್ಸಿಟಿಯಲ್ಲೇ ಮಂಗಳೂರಿನ ಡ್ಯಾರಿಲ್ ಎಂಬ ಸಂಶೋಧಕನಿದ್ದ. ಊರ್ಮಿಳಾ ಮನೆಯಲ್ಲಿ ಒಬ್ಬಳೇ ಕೂರುವುದು ಬೇಡವೆಂದು ಚಕ್ರಪಾಣಿ ಅವಳನ್ನು ಅವನ ಬಳಿ ಕೆಲಸಕ್ಕೆ ಸೇರಿಸಿದ. ಪೆಸಿಫಿಕ್ ದ್ವೀಪವೊಂದರ ಗುಹೆಯಿಂದ ತಂದ ಹಕ್ಕಿಯ ಮೂಳೆಗಳ ಮಣ್ಣನ್ನು ಬ್ರಷ್ಷಿನಿಂದ ಬಿಡಿಸುವ ಕೆಲಸ. ಹುಂಜಕ್ಕಿಂತ ದೊಡ್ಡದಾದ, ಹಾರಲಾರದ ಆ ಹಕ್ಕಿ ಎಂದೋ ಅಳಿದುಹೋಗಿತ್ತು. ಅದನ್ನು ಕಂಡು ಬರೆದಿಟ್ಟವರಿಲ್ಲ. ಉಳಿದದ್ದು ಮೂಳೆ ಮಾತ್ರ.

ಒಂದು ಮಧ್ಯಾಹ್ನ ಅವಳ ಕೈಗೆ ಮುರಿದ ಕಾಲಿನ ಮೂಳೆಯೊಂದು ಸಿಕ್ಕಿತು.

"ಡ್ಯಾರಿಲ್, ಇದರೊಳಗೆ ಏನೋ ತುಂಬ್ಕೊಂಡಿದೆ. ಮಣ್ಣಾ? ತೆಗೀಲಾ?"

ಡ್ಯಾರಿಲ್ ಲೆನ್ಸ್ ಹಿಡಿದು ನೋಡಿದ. "ಬೇಡ, ಮುಟ್ಟಬೇಡಿ! ಇದು ಮಣ್ಣಲ್ಲ ಮಾರಾಯ್ರೆ, ಮೂಳೆಯೇ. ಮೊಟ್ಟೆಯ ಚಿಪ್ಪಿಗೆ ಬೇಕಂತ ಹೆಣ್ಣು ಹಕ್ಕಿ ಮೂಳೆಯೊಳಗೆ ಹೀಗೆ ಸುಣ್ಣ ಕೂಡಿಡ್ತದೆ. ಮೊಟ್ಟೆ ಇಡುವ ಕಾಲ ಮುಗಿದ್ರೆ ಇದು ಕರಗಿ ಹೋಗ್ತದೆ."

"ಹಾಗಾದ್ರೆ ಇದು?"

"ಬಹುಶಃ ಇಡುವ ಮೊದಲೇ ಸತ್ತದ್ದು."

ಊರ್ಮಿಳಾ ಮೂಳೆಯನ್ನು ಹತ್ತಿಯ ಮೇಲೆ ಮೆಲ್ಲಗೆ ಇಟ್ಟಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಗಾಬರಿಯಾದ ಡ್ಯಾರಿಲ್ ಚಕ್ರಪಾಣಿಗೆ ಫೋನ್ ಮಾಡಿದ. ಅವನು ಮಳೆಯಲ್ಲೇ ಓಡಿ ಬಂದ.

"ನೋಡ್ರೀ, ಪಾಪ, ಎಲ್ಲಾ ತಯಾರಿ ಮಾಡ್ಕೊಂಡಿತ್ತು," ಎಂದಳು.

ಚಕ್ರಪಾಣಿ ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತ. "ನಾನೂ ಮಾಡ್ಕೊಂಡಿದ್ದೆ, ಊರ್ಮಿ. ತೊಟ್ಟಿಲು ನೋಡಿ ಬಂದಿದ್ದೆ. ನಿಂಗೆ ಹೇಳಿರ್ಲಿಲ್ಲ."

"ಯಾವ ಬಣ್ಣದ್ದು?"

"ಹಳದಿ."

ಆ ದಿನ ಅವರು ಬಸ್ ಹತ್ತಲಿಲ್ಲ. ಒಂದೇ ಛತ್ರಿಯಲ್ಲಿ ನೆನೆಯುತ್ತಾ, ದಾರಿಯುದ್ದಕ್ಕೂ ಮಗುವಿನ ಮಾತನ್ನೇ ಆಡುತ್ತಾ ಮನೆಗೆ ಹೋದರು.

ತೊಂಬತ್ತನಾಲ್ಕರಲ್ಲಿ ಚಕ್ರಪಾಣಿಗೆ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಬಂದರು. ಊರ್ಮಿಳಾ ಅಲ್ಲಿಯ ಮ್ಯೂಸಿಯಂ ಒಂದರಲ್ಲಿ ಮೂಳೆಗಳ ಕೆಲಸವನ್ನೇ ಮುಂದುವರಿಸಿದಳು. ಮತ್ತೆ ಮಕ್ಕಳಾಗಲಿಲ್ಲ. ಹಬ್ಬಕ್ಕೆ ಮನೆಗೆ ಬಂದ ಹೊಸಬರು ಯಾರಾದರೂ, "ಆಂಟಿ, ನಿಮ್ಗೆ ಮಕ್ಕಳು?" ಎಂದು ಕೇಳುತ್ತಿದ್ದರು.

"ಒಂದು ಬರೋದ್ರಲ್ಲಿತ್ತು, ಉಳೀಲಿಲ್ಲ," ಎಂದು ಅವಳು ತಡವರಿಸದೆ ಹೇಳುತ್ತಿದ್ದಳು. ಕೇಳಿದವರು ಪೆಚ್ಚಾದರೆ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದಳು.