ಎಡಿನ್‌ಬರೋದಲ್ಲಿ ನೀಲಾಂಬಿಕಾ ‘ಬರ್ತೇನಿ’ ಅಂದದ್ದು

ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನ ಕನ್ನಡದವರಲ್ಲಿ ಇಂಗ್ಲಿಷ್ ಬಲ್ಲವನೆಂದು ಹೆಸರಾಗಿದ್ದವನು ನಾನು. ಬಿ.ಎ. ಮೂರನೆಯ ದರ್ಜೆ, ಅದೂ ಎರಡನೆಯ ಸಲಕ್ಕೆ. ಗೂಡ್ಸ್ ಆಫೀಸಿನಲ್ಲಿ ಸಂತ್ರಾ, ಅಂದರೆ ಕಿತ್ತಳೆ ಬುಟ್ಟಿಗಳಿಗೆ ರಸೀದಿ ಬರೆಯುವ ಕಾರಕೂನನಿಗೆ ಈ ಕೀರ್ತಿ ಹೇಗೆ ಬಂತೆಂದರೆ, ಯಾರ ಮನೆಗೆ ತಂತಿ ಬಂದರೂ ಅಳುವುದಕ್ಕೆ ಮೊದಲೇ ಅದನ್ನು ಓದಿ ಮುಗಿಸಬಲ್ಲವನು ನಾನೊಬ್ಬನೇ ಇದ್ದೆ. ಹೀಗಾಗಿ ೧೯೫೫ರಲ್ಲಿ ಎದುರುಮನೆಯ ನೀಲಾಂಬಿಕಾ ಸ್ಕಾಲರ್‌ಶಿಪ್ ಪಡೆದು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೊರಟಾಗ, ಆಕೆಗೆ ಇಂಗ್ಲಿಷ್ ಮಾತು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಸಸ್ಯಶಾಸ್ತ್ರದ ಎಂ.ಎಸ್ಸಿ., ಮೊದಲ ದರ್ಜೆ. ಆ ವ್ಯತ್ಯಾಸ ಆಗ ಇಬ್ಬರಿಗೂ ಹೊಳೆಯಲಿಲ್ಲ.

ಆಕೆಯ ತಂದೆ ಬಸವಂತಪ್ಪ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಗದಗಿನ ಕಡೆಯಿಂದ ವರ್ಗವಾಗಿ ಬಂದವರು. ಮಾತು ಕಡಿಮೆ, ಕೆಲಸ ಜಾಸ್ತಿ. ಮಗಳದೂ ಅದೇ ಸ್ವಭಾವ. ಭಾನುವಾರ ಉಳಿದ ಹುಡುಗಿಯರು ಸೀತಾಬರ್ಡಿಗೆ ಬಳೆ ನೋಡಲು ಹೋದರೆ, ಇವಳು ಸೈಕಲ್ ಹತ್ತಿ ಹಿಂಗಣಾ ಕಡೆಯ ಸಂತ್ರಾ ತೋಟಗಳಿಗೆ ಹೋಗಿ, ಒಣಗುತ್ತಿದ್ದ ಗಿಡಗಳ ಬೇರು ಅಗೆದು ತರುತ್ತಿದ್ದಳು. ಚೆನ್ನಾಗಿದ್ದ ಗಿಡ ಒಂದೇ ವರ್ಷದಲ್ಲಿ ಯಾಕೆ ಒಣಗುತ್ತದೆ ಎಂಬುದು ಅವಳ ಪ್ರಶ್ನೆ. ನನ್ನ ಪ್ರಶ್ನೆ ಬುಟ್ಟಿಗೆ ಎಷ್ಟು ತೂಕ ಎಂಬಲ್ಲಿಗೇ ನಿಲ್ಲುತ್ತಿತ್ತು.

ಸ್ಕಾಲರ್‌ಶಿಪ್ಪಿಗೆ ಒಂದು ಷರತ್ತಿತ್ತು. ಅದು ಸಂಶೋಧನೆಗೆ ಮಾತ್ರ. ಅಲ್ಲಿಯ ಪ್ರೊಫೆಸರರೊಬ್ಬರು ಅಕ್ಟೋಬರ್ ಮುಗಿಯುವುದರೊಳಗೆ ಈಕೆಯನ್ನು ತಮ್ಮ ಪ್ರಯೋಗಶಾಲೆಗೆ ತೆಗೆದುಕೊಂಡಿರುವುದಾಗಿ ಸಹಿ ಹಾಕಬೇಕು. ಹಾಕದಿದ್ದರೆ ವಾಪಸು ಹಡಗು. ಹಾಗೆ ವಾಪಸು ಬಂದರೆ ಮುಂದೇನು ಎಂಬುದನ್ನು ಆಕೆಯ ಸೋದರಮಾವ ಭೀಮಪ್ಪ ಗದಗಿನಲ್ಲಿ ಆಗಲೇ ನಿಶ್ಚಯಿಸಿಟ್ಟಿದ್ದರು. ವರನಿಗೆ ಕಿರಾಣಿ ಅಂಗಡಿ ಇತ್ತು.

ಹೊರಡುವ ಮುಂಚೆ ಒಂದು ತಿಂಗಳು ಪಾಠ ನಡೆಯಿತು. ಕೊನೆಯ ದಿನ ಆಕೆ ಕೇಳಿದಳು, “ದತ್ತಣ್ಣ, ದೊಡ್ಡವ್ರ ಮುಂದಿಂದ ಎದ್ದು ಬರೋಮುಂದ ಏನ್ ಅನಬೇಕು?”

“ಐ ವಿಲ್ ಕಮ್, ಸರ್, ಅನ್ನು” ಅಂದೆ.

ಇದಕ್ಕೆ ನನ್ನಲ್ಲಿ ಆಧಾರವಿತ್ತು. ನಮ್ಮ ಸೂಪರಿಂಟೆಂಡೆಂಟರು ಆಂಗ್ಲೋ ಇಂಡಿಯನ್ ಸಾಹೇಬರು. ಐದು ವರ್ಷದಿಂದ ನಾನು ಹಾಗೆಯೇ ಹೇಳಿ ಅವರ ಕೋಣೆಯಿಂದ ಹೊರಬೀಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಅವರು ಹುಟ್ಟಿ ಬೆಳೆದದ್ದು ನಾಗಪುರದಲ್ಲಿ, ಹೊರಡುವವರು ಬರ್ತೇನೆ ಎಂಬರ್ಥದಲ್ಲಿ ಹೇಳುವ ಮರಾಠಿಯ ‘ಯೇತೋ’ ಕೇಳಿ ಕೇಳಿ ಅವರ ಕಿವಿ ಪಳಗಿತ್ತು ಎಂಬುದನ್ನು ನಾನು ವಿಚಾರ ಮಾಡಿರಲಿಲ್ಲ.

ಸ್ಟೇಶನ್ನಿನಲ್ಲಿ ಆಕೆಯ ತಾಯಿ, ನಾನು ಕಾಕು ಎಂದು ಕರೆಯುವ ಗೌರಮ್ಮ ಕೂಡ ಅದನ್ನೇ ಗಟ್ಟಿ ಮಾಡಿದರು. ಗಾಡಿ ಅಲುಗಿದಾಗ ಹುಡುಗಿ “ಹೋಗ್ತೇನಿ ಅವ್ವಾ” ಅಂದುಬಿಟ್ಟಳು. ಕಾಕು ಕಿಟಕಿಯ ಜೊತೆ ಓಡುತ್ತಲೇ ಗದರಿಸಿದರು: “ಬರ್ತೇನಿ ಅನ್ನಬೇಕು. ಮನಿ ಬಿಟ್ಟು ಹೊಂಟಾಕಿ ಹೋಗ್ತೇನಿ ಅಂತಾರೇನು? ಬಾಯಾಗ ಬರ್ತೇನಿ ಇರಲಿ.”

ಮೊದಲ ಕಾಗದ ಬಂದ ದಿನ ಬಸವಂತಪ್ಪ ಪಾಳಿಗೆ ಹೋಗಿದ್ದರು. ಕಾಕುಗೆ ಓದು ಬಾರದು. ನಾನು ಕಟ್ಟೆಯ ಮೇಲೆ ಕುಳಿತು ಓದಿದೆ. ಅಲ್ಲಿ ಹೊತ್ತು ಬೇಗ ಮುಳುಗುತ್ತದೆ. ಮನೆಯೊಡತಿ ಮಲಗುವಾಗ ಹಾಸಿಗೆಯಲ್ಲಿ ಬಿಸಿನೀರಿನ ರಬ್ಬರ್ ಚೀಲ ಇಡುತ್ತಾಳೆ. ಮೊದಲ ದಿನ ಅದು ಯಾವ ಪ್ರಾಣಿಯೋ ಎಂದು ಹೌಹಾರಿದಳಂತೆ. ವಿಶ್ವವಿದ್ಯಾಲಯಕ್ಕೆ ಮುನ್ನೂರ ಎಪ್ಪತ್ತು ವರ್ಷ. ಅಷ್ಟು ವರ್ಷ ಜನ ಹತ್ತಿ ಇಳಿದು ಕಲ್ಲಿನ ಮೆಟ್ಟಿಲುಗಳು ನಡುವೆ ತಗ್ಗು ಬಿದ್ದಿವೆ.

“ಮುನ್ನೂರು ವರ್ಷದಾಗ ಒಬ್ರಿಗೂ ರಿಪೇರಿ ಮಾಡ್ಸೂದು ಆಗ್ಲಿಲ್ಲೇನು?” ಅಂದರು ಕಾಕು.

“ಅದು ಐತಿಹಾಸಿಕ, ಕಾಕು.”

“ನಮ್ಮ ನಳದ ಕಟ್ಟಿನೂ ಐತಿಹಾಸಿಕ ಆಗೇತಿ. ಮುಂದ ಓದು.”

ಎರಡನೆಯ ಕಾಗದ ಓದುತ್ತ ನನ್ನ ದನಿ ಅರ್ಧಕ್ಕೇ ಇಳಿಯಿತು. ಗುರುವಾರ ಮಧ್ಯಾಹ್ನ ಆಕೆ ಪ್ರೊಫೆಸರ್ ಕೇರ್ನ್ಸ್ ಅವರನ್ನು ಕಂಡಿದ್ದಳು. ಅವರು, ನಿನ್ನ ಅಂಕಗಳು ಸರಿ, ಆದರೆ ನಿನ್ನ ಕೈಕೆಲಸ ನಾನು ನೋಡಿಲ್ಲ, ಒಂದು ವರ್ಷ ಕೆಳಗಿನ ಡಿಪ್ಲೊಮಾ ಓದಬಹುದಲ್ಲ, ಎಂದಿದ್ದರು. ಡಿಪ್ಲೊಮಾ ಅಂದರೆ ಸ್ಕಾಲರ್‌ಶಿಪ್ ಇಲ್ಲ. ಅದನ್ನು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಕೊನೆಗೆ ಅವರು “ನೋಡೋಣ” ಎಂದರು. ಆಕೆ ಎದ್ದು, ಕಲಿತ ಪಾಠ ಒಪ್ಪಿಸಿ ಬಂದಳು: ಐ ವಿಲ್ ಕಮ್, ಸರ್.

ಮುದುಕ ಪ್ರೊಫೆಸರರು, ಈ ಹುಡುಗಿ ತನ್ನ ಕೈಕೆಲಸದ್ದೇನನ್ನೋ ತರಲು ಹೋಗಿದ್ದಾಳೆ, ಈಗ ಬರುತ್ತಾಳೆ ಎಂದುಕೊಂಡು ಕುಳಿತರು. ಏಳು ಗಂಟೆಯವರೆಗೆ ಕುಳಿತರು. ಅವರ ಊರಿನ ಗಾಡಿ ತಪ್ಪಿತು. ಊಟವೂ ತಪ್ಪಿತು. ಮರುದಿನ ಇದನ್ನೆಲ್ಲ ಬರೆದ ಚೀಟಿ ಆಕೆಗೆ ಬಂತು, ಕೊನೆಯಲ್ಲಿ ಹೀಗಿತ್ತು: ‘ಬರುವೆನೆಂದು ಹೇಳಿ ನೀವು ಬರಲಿಲ್ಲ. ಆಡಿದ ಮಾತು ನಿಲ್ಲದಿದ್ದರೆ ಬರೆದಿಟ್ಟ ಪ್ರಯೋಗವನ್ನು ಹೇಗೆ ನಂಬಲಿ?’ ತಾನು ಏನು ತಪ್ಪು ಮಾಡಿದೆನೆಂದು ಆಕೆಗೆ ತಿಳಿದದ್ದು, ಮನೆಯೊಡತಿಗೆ ಆ ಚೀಟಿ ತೋರಿಸಿದ ಮೇಲೆ. ಅದರ ಕೆಳಗೆ ‘ದತ್ತಣ್ಣ ಹೇಳಿಕೊಟ್ಟಂತೆಯೇ ಅಂದಿದ್ದೆ, ಸೋಮವಾರ ಹೋಗಿ ಕ್ಷಮೆ ಕೇಳುತ್ತೇನೆ’ ಎಂಬ ಸಾಲಿತ್ತು. ನನ್ನ ಹೆಸರನ್ನು ಬಿಟ್ಟು ಓದಿದೆ.

“ಏನೋ ನುಂಗಿದಿ ನೀ” ಅಂದರು ಕಾಕು.

ಓದಿ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು, “ಅಕಿ ಅಂದಿದ್ರಾಗ ತಪ್ಪೇನೈತಿ? ಹೋಗ್ತೇನಿ ಅನಬೇಕಿತ್ತೇನು?” ಅಂದರು. ಆಮೇಲೆ ಮೆಲ್ಲಗೆ, “ದತ್ತು, ಭೀಮಪ್ಪಗ ಈಗ ಏನೂ ಬರೀಬ್ಯಾಡ” ಅಂದರು.

ಮುಂದಿನ ಐದು ದಿನ ನಾನು ಬರೆದ ರಸೀದಿಗಳಲ್ಲಿ ಎಷ್ಟು ಬುಟ್ಟಿ ಕಲ್ಕತ್ತೆಯ ಬದಲು ಮದರಾಸಿಗೆ ಹೋದವೋ ದೇವರಿಗೆ ಗೊತ್ತು. ಬಸವಂತಪ್ಪ ಪಾಳಿ ಮುಗಿಸಿ ಬಂದವರು ನನ್ನ ಸೈಕಲ್ಲಿನ ಬ್ರೇಕ್ ಸರಿಮಾಡಿಟ್ಟು ಹೋದರು. ಬೈದಿದ್ದರೆ ಚಲೋ ಇತ್ತು.

ಮೂರನೆಯ ಕಾಗದವನ್ನು ನಾನು ಮೊದಲು ಒಬ್ಬನೇ ಓದಿಕೊಳ್ಳಬೇಕೆಂದಿದ್ದೆ. ಕಾಕು ಬಿಡಲಿಲ್ಲ.

ಸೋಮವಾರ ಆಕೆ ಹೋಗಿ, ಬಾಗಿಲಲ್ಲೇ ನಿಂತು ಹೇಳಿದ್ದಳು: ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ, ತಾಯಿಗೆ ಹಾಗೆ ಹೇಳಿಯೇ ಇಷ್ಟು ದೂರ ಬಂದಿದ್ದೇನೆ. ಪ್ರೊಫೆಸರರು ಕನ್ನಡಕ ತೆಗೆದರು. ಹಾಗಾದರೆ ಅಂದು ನೀನು ಏನನ್ನೂ ತರುವವಳಿರಲಿಲ್ಲವೇ, ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿರಾಶೆ ಇತ್ತು ಎಂದು ಆಕೆ ಬರೆದಿದ್ದಳು. ಅಷ್ಟು ಹೊತ್ತು ಕಾದ ಮನುಷ್ಯನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅರ್ಧ ಗಂಟೆ ಕೊಡಿ ಎಂದು ಕೇಳಿ, ಕೋಣೆಗೆ ಓಡಿ, ಟ್ರಂಕಿನ ತಳದಿಂದ ಹಿಂಗಣಾದ ಬೇರುಗಳ ಚಿತ್ರ ಬಿಡಿಸಿದ್ದ ನೋಟುಪುಸ್ತಕ ತಂದಳು. ನಾಚಿಕೆಗೆ ಅದನ್ನು ಯಾರಿಗೂ ತೋರಿಸಿರಲಿಲ್ಲ.

ಅವರು ಒಂದೊಂದೇ ಹಾಳೆ ತಿರುವಿದರು. ಒಂದು ಹಾಳೆಯಲ್ಲಿ ತಡೆದು, ಮೂಲೆಯ ಕೆಂಪು ಕಲೆಗೆ ಭೂತಗನ್ನಡಿ ಹಿಡಿದು, ಇದು ಯಾವ ಶಿಲೀಂಧ್ರ ಎಂದು ಕೇಳಿದರು.

ಅವಳು ಹೇಳಿದಳು: ಶೇಂಗಾ ಚಟ್ನಿಪುಡಿ, ಸರ್.

ಆಮೇಲೆ ಡಿಪ್ಲೊಮಾದ ಮಾತೇ ಬರಲಿಲ್ಲ. ಅರ್ಜಿ ತೆಗೆದು ಸಹಿ ಹಾಕಿದರು. ಕಾಗದದ ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡವಾಗಿ ಬರೆದಿದ್ದಳು: ‘ದತ್ತಣ್ಣನಿಗೆ ನನ್ನ ನಮಸ್ಕಾರ. ಸರಿಯಾದ ಇಂಗ್ಲಿಷ್ ಕಲಿಸಿದ್ದರೆ ಅವರು ನನ್ನನ್ನು ಆ ಗುರುವಾರವೇ ಮರೆತುಬಿಡುತ್ತಿದ್ದರು.’

ಇಂಥ ಪ್ರಶಸ್ತಿಪತ್ರ ಯಾವ ಮೇಷ್ಟರಿಗೂ ಸಿಕ್ಕಿರಲಾರದು. ನೀಲಾಂಬಿಕಾ ಈಗ ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಭಾನುವಾರ ತೋಟಕ್ಕೆ ಹೋಗುತ್ತಾಳೆ. ಆಕೆ ಕಲಿತದ್ದರಲ್ಲಿ ನನ್ನ ಪಾಲು ಮೂರು ಶಬ್ದ, ಅವೂ ತಪ್ಪು. ಆದರೂ ಆ ಮನೆಯವರು ಇವತ್ತಿಗೂ ನನ್ನನ್ನು ಮಾಸ್ತರ ಅನ್ನುತ್ತಾರೆ. ಆ ಋಣ ನನ್ನಿಂದ ತೀರುವಂಥದಲ್ಲ.

ಅಂದು ಕಾಗದ ಮುಗಿದಾಗ ಕಾಕು ಕೇಳಿದ್ದು ಒಂದೇ ಮಾತು: “ಉಳೀತಾಳಂತೇನು?”

“ಉಳೀತಾಳ, ಕಾಕು.”

ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಚಹಾ ತರುತ್ತಾರೆಂದುಕೊಂಡೆ. ತಂದದ್ದು ಹಾಳೆ ಮತ್ತು ಪೆನ್ನು.

“ಆ ಪ್ರೊಫೆಸರಗ ಬರಿ. ಅಪ್ಪಾರ, ನಮ್ಮ ಹುಡುಗಿ ಸಲುವಾಗಿ ನೀವು ಉಪಾಸ ಕೂತ್ರಿ. ಪರದೇಶದಾಗ ನಮ್ಮ ಕೂಸಿಗೆ ಕಾಯೋರು ಒಬ್ರು ಅದಾರ ಅಂತ ಗೊತ್ತಾತು. ಇನ್ನ ನನಗ ನಿದ್ದಿ ಬರ್ತೈತಿ. ಬರದ್ಯಾ?”

“ಬರದೆ.”

“ಅವರ ಮನಿಯವ್ರಿಗೂ ಕ್ಷೇಮ ಕೇಳೇನಿ ಅಂತ ಬರಿ.”

“ಅವರಿಗೆ ಮನಿಯವರು ಅದಾರೋ ಇಲ್ಲೋ ಗೊತ್ತಿಲ್ಲ, ಕಾಕು.”

“ಇದ್ರ, ಕೇಳೇನಿ ಅಂತ ಬರಿ.”